ಒಂದು ಮೇಣದಬತ್ತಿ, ಆರು ಉಪನ್ಯಾಸ: ವಿಷಯ ತಿಳಿಸುವ ಭಾಷಣದ ಒಂದು ಪ್ರಕರಣ ಅಧ್ಯಯನ

ನಮ್ಮಲ್ಲಿ ವಿಷಯ ತಿಳಿಸುವ ಭಾಷಣಗಳಿಗೆ ಕೊರತೆಯಿಲ್ಲ. ಶಾಲೆಯಲ್ಲಿ ವಿಜ್ಞಾನ ದಿನಾಚರಣೆ, ರೈತ ಸಂಪರ್ಕ ಕೇಂದ್ರದಲ್ಲಿ ಮುಂಗಾರಿಗೆ ಮುಂಚೆ ಸಭೆ, ಅಂಗನವಾಡಿಯಲ್ಲಿ ತಾಯಂದಿರ ಸಭೆ, ಬ್ಯಾಂಕಿನವರು ಹಳ್ಳಿಗೆ ಬಂದು ವಿಮೆ ವಿವರಿಸುವುದು. ಹೇಳುವವರಿಗೆ ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಕೇಳುವವರಿಗೆ ಅದರ ಅಗತ್ಯವೂ ಇರುತ್ತದೆ. ಆದರೂ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಹಿಂದಿನ ಸಾಲಿನವರ ಕೈಗೆ ಮೊಬೈಲ್ ಬಂದಿರುತ್ತದೆ.

ದನಿ ಸಾಲಲಿಲ್ಲ, ಧೈರ್ಯ ಸಾಲಲಿಲ್ಲ, ಮೈಕ್ ಸರಿ ಇರಲಿಲ್ಲ ಎಂದು ನಾವು ಕಾರಣ ಹುಡುಕುತ್ತೇವೆ. ನನಗೆ ಕಾಣುವ ಕಾರಣ ಬೇರೆ. ಬಹಳ ಭಾಷಣಗಳಲ್ಲಿ ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಬಂದುಬಿಡುತ್ತದೆ. ಮೊದಲು ವ್ಯಾಖ್ಯೆ, ಆಮೇಲೆ ಇತಿಹಾಸ, ಆಮೇಲೆ ವಿಧಗಳು, ಆಮೇಲೆ ಉಪಯೋಗಗಳು. ಎಲ್ಲವೂ ಸರಿಯಾದ ಮಾಹಿತಿಯೇ. ಆದರೆ ಕುಳಿತವರು ಅದನ್ನು ಯಾಕೆ ಕೇಳಬೇಕು ಅನ್ನುವುದು ಅವರಿಗೇ ಗೊತ್ತಾಗಿರುವುದಿಲ್ಲ.

ವಿಷಯಗಳನ್ನು ಯಾವ ಕ್ರಮದಲ್ಲಿ ಕೊಡಬೇಕು ಅನ್ನುವುದನ್ನು ಕಲಿಯಲು ನನಗೆ ತಿಳಿದಿರುವ ಅತ್ಯುತ್ತಮ ಪ್ರಕರಣ 1860ರ ಲಂಡನ್ನಿನದು. ವಿಜ್ಞಾನಿ ಮೈಕಲ್ ಫ್ಯಾರಡೆ ಮಕ್ಕಳ ಮುಂದೆ ನಿಂತು ಒಂದು ಮೇಣದಬತ್ತಿಯ ಬಗ್ಗೆ ಆರು ಉಪನ್ಯಾಸ ಕೊಟ್ಟರು. ಆ ಮಾತುಗಳನ್ನು ಅಂದೇ ಬರೆದುಕೊಳ್ಳಲಾಯಿತು. ವಿಲಿಯಂ ಕ್ರೂಕ್ಸ್ ಎಂಬ ರಸಾಯನಶಾಸ್ತ್ರಜ್ಞರು ಅವನ್ನು ಸಂಪಾದಿಸಿ 1861ರಲ್ಲಿ ಪುಸ್ತಕವಾಗಿ ತಂದರು. ಅದರಿಂದಾಗಿ ಇವತ್ತು ನಾವು ಆ ಭಾಷಣವನ್ನು ವಾಕ್ಯ ವಾಕ್ಯವಾಗಿ ಬಿಡಿಸಿ ನೋಡಬಹುದು.

ಸಂದರ್ಭ

ಈ ಉಪನ್ಯಾಸಗಳು ನಡೆದ ರಾಯಲ್ ಇನ್‌ಸ್ಟಿಟ್ಯೂಷನ್ 1799ರಲ್ಲಿ ಶುರುವಾದ ಸಂಸ್ಥೆ. ಲಂಡನ್ನಿನ ಆಲ್ಬೆಮಾರ್ಲ್ ಸ್ಟ್ರೀಟ್‌ನಲ್ಲಿದೆ. ಸಂಶೋಧನೆಯ ಜೊತೆಗೆ ಸಾಮಾನ್ಯ ಜನರಿಗೆ ವಿಜ್ಞಾನ ತಿಳಿಸುವುದೂ ಅದರ ಕೆಲಸ. 1825ರಿಂದ ಅಲ್ಲಿ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ಉಪನ್ಯಾಸಗಳು ನಡೆಯುತ್ತಿವೆ. 1966ರಿಂದ ಟಿವಿಯಲ್ಲೂ ಬರುತ್ತಿವೆ. ಫ್ಯಾರಡೆ ಒಬ್ಬರೇ 1827ರಿಂದ 1860ರ ನಡುವೆ ಇಂಥ 19 ಸರಣಿ ನಡೆಸಿದರು. ಮೇಣದಬತ್ತಿಯದು ಅವರ ಕೊನೆಯ ಸರಣಿ.

ಆಗ ಅವರಿಗೆ 69 ವರ್ಷ. ವಿದ್ಯುತ್ ಮೋಟಾರಿನ ಮೂಲ ತತ್ವ ತೋರಿಸಿ ಸುಮಾರು ನಲವತ್ತು ವರ್ಷ ಆಗಿತ್ತು. ಜನರೇಟರಿನ ಹಿಂದಿರುವ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದಿದ್ದು 1831ರಲ್ಲಿ. ಅಂಥವರು ಮಕ್ಕಳ ಮುಂದೆ ಬಂದರೆ ಏನನ್ನು ಬೇಕಾದರೂ ಮಾತಾಡಬಹುದಿತ್ತು. ತಮ್ಮ ಸಾಧನೆಯನ್ನೇ ಹೇಳಿದ್ದರೂ ಆರು ದಿನಕ್ಕೆ ಸಾಕಾಗುತ್ತಿತ್ತು. ಅವರು ಆರಿಸಿಕೊಂಡಿದ್ದು ಪ್ರತಿ ಮಗುವೂ ದಿನಾ ಸಂಜೆ ಮನೆಯಲ್ಲಿ ನೋಡುವ ವಸ್ತುವನ್ನು. 1848ರಲ್ಲೂ ಇದೇ ವಿಷಯ ಮಾತಾಡಿದ್ದರು. ನನ್ನ ಇಷ್ಟಕ್ಕೆ ಬಿಟ್ಟರೆ ಹೆಚ್ಚುಕಡಿಮೆ ಪ್ರತಿ ವರ್ಷ ಇದನ್ನೇ ಹೇಳುತ್ತೇನೆ ಎಂಬರ್ಥದ ಮಾತನ್ನು ಮೊದಲ ದಿನವೇ ಆಡಿದರು.

ಅವರ ಜ್ಞಾಪಕಶಕ್ತಿ ಆ ಹೊತ್ತಿಗೆ ಕುಂದುತ್ತಿತ್ತು. ಹಲವು ವರ್ಷಗಳಿಂದಲೇ ಆ ತೊಂದರೆ ಇತ್ತು. ಈ ಸರಣಿ ಮುಗಿದ ಮೇಲೆ, 1861ರಲ್ಲಿ, ಮಕ್ಕಳ ಉಪನ್ಯಾಸಗಳಿಂದ ಅವರೇ ಹಿಂದೆ ಸರಿದರು. ಭಾಷಣದ ತಯಾರಿಯ ಬಗ್ಗೆ ಯೋಚಿಸುವವರು ಇದನ್ನು ಗಮನಿಸಬೇಕು. ನೆನಪು ಕೈಕೊಡಬಹುದಾದ ವಯಸ್ಸಿನಲ್ಲಿ ಆರು ದಿನ, ಒಂದೊಂದು ಗಂಟೆ, ಸರಾಗವಾಗಿ ಮಾತಾಡಲು ಅವರಿಗೆ ಏನು ಆಸರೆಯಾಯಿತು?

ಬಹಳ ಹಿಂದೆಯೇ ಶುರುವಾದ ತಯಾರಿ

ಫ್ಯಾರಡೆ ಕಮ್ಮಾರನ ಮಗ. ಶಾಲೆ ಕಲಿತಿದ್ದು ಬಹಳ ಕಡಿಮೆ. ಹದಿನಾಲ್ಕನೇ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದರು. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್‌ನಿಂದ ರಾಯಲ್ ಇನ್‌ಸ್ಟಿಟ್ಯೂಷನ್‌ನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯವರ ನಾಲ್ಕು ಉಪನ್ಯಾಸ ಕೇಳುವ ಅವಕಾಶ ಸಿಕ್ಕಿತು. ಕೇಳಿದ್ದನ್ನೆಲ್ಲ ಬರೆದು, ಚಿತ್ರ ಬಿಡಿಸಿ, ತಾವೇ ರಟ್ಟು ಕಟ್ಟಿ ಡೇವಿಗೆ ಕಳಿಸಿದರು. 1813ರ ಮಾರ್ಚಿನಲ್ಲಿ ಅದೇ ಸಂಸ್ಥೆಯಲ್ಲಿ ಸಹಾಯಕರಾಗಿ ಸೇರಿದರು.

ನನಗೆ ಅತ್ಯಂತ ಬೆಲೆಬಾಳುವ ದಾಖಲೆ ಅನ್ನಿಸುವುದು ಅದೇ ವರ್ಷದ ಜೂನ್ ತಿಂಗಳಲ್ಲಿ ಅವರು ಗೆಳೆಯ ಬೆಂಜಮಿನ್ ಆಬಟ್‌ಗೆ ಬರೆದ ಪತ್ರಗಳು. ಆಗ ಅವರಿಗೆ 21 ವರ್ಷ. ಸ್ವತಃ ಇನ್ನೂ ಒಂದು ಉಪನ್ಯಾಸವನ್ನೂ ಕೊಟ್ಟಿರಲಿಲ್ಲ. ಬೇರೆಯವರ ಉಪನ್ಯಾಸಕ್ಕೆ ಸಾಮಾನು ಜೋಡಿಸುತ್ತಾ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಸಭಿಕರ ಮುಖವನ್ನೂ ನೋಡುತ್ತಿದ್ದರು. ನೋಡಿದ್ದನ್ನೆಲ್ಲ ಪತ್ರದಲ್ಲಿ ಬರೆದರು.

ಪತ್ರದಲ್ಲಿ ಮೊದಲು ಬರುವುದು ಮಾತಲ್ಲ, ಕೋಣೆ. ಕೋಣೆಯಲ್ಲಿ ಗಾಳಿ ಆಡದಿದ್ದರೆ ಎಂಥ ಭಾಷಣವಾದರೂ ಎದ್ದು ಹೋಗಬೇಕು ಅನ್ನಿಸುತ್ತದೆ. ಬರುವ ಹೋಗುವ ದಾರಿ ಸರಿಯಾಗಿರಬೇಕು. ಎಲ್ಲರಿಗೂ ಕಾಣುವಂತೆ ಆಸನಗಳನ್ನು ಜೋಡಿಸಿರಬೇಕು. ಮೇಜಿನ ಮೇಲಿನ ಉಪಕರಣ ಮಾತಾಡುವವರನ್ನು ಮರೆಮಾಡಬಾರದು. ಚಿತ್ರಗಳು ದೊಡ್ಡದಾಗಿರಬೇಕು. ಯಾರಿಗೇ ಆಗಲಿ ಒಂದು ಗಂಟೆ ಸಾಕು. ಮಾತು ನಿಧಾನವಾಗಿರಬೇಕು, ಆತುರ ಬೇಡ. ಒಂದೇ ಕಡೆ ನೆಟ್ಟಂತೆ ನಿಲ್ಲಬಾರದು. ಊರಿನಲ್ಲಿ ಜನ ಆಡಿಕೊಳ್ಳುತ್ತಿರುವ ಸುದ್ದಿಯನ್ನೋ ಸಭೆಯಲ್ಲೇ ಆದ ಸಣ್ಣ ಘಟನೆಯನ್ನೋ ವಿಷಯಕ್ಕೆ ಉದಾಹರಣೆಯಾಗಿ ತಿರುಗಿಸಿಕೊಳ್ಳುವ ಚುರುಕುತನ ಇದ್ದರೆ ತುಂಬಾ ಒಳ್ಳೆಯದು.

ಕ್ಷಮೆ ಕೇಳುವುದರ ಬಗ್ಗೆಯೂ ಒಂದು ಮಾತಿದೆ. ಅದನ್ನು ನಮ್ಮ ಎಲ್ಲ ಭಾಷಣಕಾರರಿಗೂ ತೋರಿಸಬೇಕು ಅನ್ನಿಸುತ್ತದೆ. ಉಪನ್ಯಾಸಕ ಕ್ಷಮೆ ಕೇಳುವುದು ಆದಷ್ಟು ಕಡಿಮೆ ಇರಬೇಕು. ತಪ್ಪಿನಿಂದ ಸಭಿಕರಿಗೇ ತೊಂದರೆ ಆಗಿದ್ದರೆ ಮಾತ್ರ ಕೇಳಬೇಕು. ಎಷ್ಟೋ ಸಲ ಕ್ಷಮೆ ಕೇಳಿದ್ದರಿಂದಲೇ ಬಹುಪಾಲು ಜನಕ್ಕೆ ತಪ್ಪು ಆಗಿದೆ ಅನ್ನುವುದು ಗೊತ್ತಾಗುತ್ತದೆ, ತಾನು ಇದನ್ನು ಕಣ್ಣಾರೆ ಕಂಡಿದ್ದೇನೆ ಎನ್ನುತ್ತಾರೆ ಫ್ಯಾರಡೆ. ನಮ್ಮಲ್ಲಿ ಎಷ್ಟು ಭಾಷಣಗಳು “ನನಗೆ ಅಷ್ಟಾಗಿ ಮಾತಾಡಲು ಬರಲ್ಲ, ತಯಾರಿಗೆ ಸಮಯ ಸಿಗಲಿಲ್ಲ” ಎಂದೇ ಶುರುವಾಗುತ್ತವೆ ಅಲ್ವಾ? ಆ ಎರಡು ವಾಕ್ಯದಲ್ಲಿ ಸಭೆಯ ಅರ್ಧ ನಂಬಿಕೆ ಹೋಗಿರುತ್ತದೆ.

ಫ್ಯಾರಡೆ ಪತ್ರ ಬರೆದು ಸುಮ್ಮನಿರಲಿಲ್ಲ. 1816ರಲ್ಲಿ ಲಂಡನ್ನಿನ ಒಂದು ಸಣ್ಣ ವಿಜ್ಞಾನ ಸಂಘದಲ್ಲಿ ಮೊದಲ ಉಪನ್ಯಾಸ ಕೊಟ್ಟರು. ಸುತ್ತಲಿನ ಐದಾರು ಗೆಳೆಯರು ಸೇರಿ ಒಬ್ಬರ ಮುಂದೆ ಒಬ್ಬರು ಓದುವುದು, ಉಚ್ಚಾರಣೆ ಮತ್ತು ವಾಕ್ಯ ತಿದ್ದಿಕೊಳ್ಳುವುದು ಮಾಡಿದರು. ಅಲ್ಲಿ ಮುಲಾಜು ಇರಲಿಲ್ಲ, ಮಾತು ನೇರವಾಗಿ ಬರುತ್ತಿತ್ತು. ಆಮೇಲೆ ಬೆಂಜಮಿನ್ ಸ್ಮಾರ್ಟ್ ಎಂಬ ಶಿಕ್ಷಕರ ಹತ್ತಿರ ದುಡ್ಡು ಕೊಟ್ಟು ಮಾತಾಡುವ ಕಲೆ ಕಲಿತರು. ತಮ್ಮ ಉಪನ್ಯಾಸಕ್ಕೆ ಬಂದು ಕುಳಿತು ತಪ್ಪು ಗುರುತು ಹಾಕಿಕೊಡಿ ಎಂದು ಅವರನ್ನೇ ಕರೆದರು. ಇಷ್ಟೆಲ್ಲ ಆದ ಮೇಲೂ ಒಂದು ದುರಭ್ಯಾಸ ಉಳಿದಿತ್ತು. ಉತ್ಸಾಹ ಬಂದರೆ ಮಾತಿನ ವೇಗ ಜಾಸ್ತಿಯಾಗುತ್ತಿತ್ತು. ಅದಕ್ಕೆ ಸಹಾಯಕ ಚಾರ್ಲ್ಸ್ ಆಂಡರ್ಸನ್ ಕೈಯಲ್ಲಿ ಎರಡು ಚೀಟಿ ಇರುತ್ತಿದ್ದವು. ಒಂದರಲ್ಲಿ ‘ನಿಧಾನ’, ಇನ್ನೊಂದರಲ್ಲಿ ‘ಸಮಯ’. ವೇಗ ಹೆಚ್ಚಾದಾಗ ಮೊದಲನೆಯದನ್ನು, ಗಂಟೆ ಮುಗಿಯುತ್ತಾ ಬಂದಾಗ ಎರಡನೆಯದನ್ನು ಅವರ ಮುಂದೆ ಇಡುತ್ತಿದ್ದರು.

ತನ್ನ ದೋಷ ಯಾವುದು ಎಂದು ಗುರುತಿಸಿ, ಅದು ಹೋಗುವುದಿಲ್ಲ ಎಂದು ಗೊತ್ತಾದಾಗ ಇನ್ನೊಬ್ಬರ ಕೈಗೆ ಅದರ ಕಾವಲು ಕೊಟ್ಟಿದ್ದು ನನಗೆ ಬಹಳ ಇಷ್ಟವಾದ ಸಂಗತಿ. ಇಂಥ ಒಂದು ಚೀಟಿ ಯಾವ ಶಾಲೆಯ ಸಭಾಂಗಣದಲ್ಲಿ ಬೇಕಾದರೂ ನಡೆಯುತ್ತದೆ.

ಮೊದಲ ಗಂಟೆ

ಈಗ ಭಾಷಣದ ಒಳಗೆ ಹೋಗೋಣ. ಮೊದಲ ದಿನ ಫ್ಯಾರಡೆ ದಹನ ಎಂದರೇನು ಎಂದು ಶುರು ಮಾಡಲಿಲ್ಲ. ಮಕ್ಕಳ ಜೊತೆ ನಾನೂ ಒಬ್ಬ ಚಿಕ್ಕವನಾಗಿ ಮಾತಾಡುತ್ತೇನೆ ಎಂದು ಹೇಳಿ, ನೇರವಾಗಿ ಮೇಜಿನ ಮೇಲಿನ ವಸ್ತುಗಳಿಗೆ ಹೋದರು. ಐರ್ಲೆಂಡಿನ ಜೌಗು ನೆಲದಲ್ಲಿ ಸಿಗುವ, ಹಚ್ಚಿದರೆ ದೀಪದಂತೆ ಉರಿಯುವ ಮರದ ತುಂಡು ತೋರಿಸಿದರು. ಕೊಬ್ಬಿನ ಬತ್ತಿ, ಜೇನುಮೇಣದ ಬತ್ತಿ, ತಿಮಿಂಗಿಲದಿಂದ ಬಂದ ಮೇಣದ ಬತ್ತಿ, ಪ್ಯಾರಫಿನ್ ಬತ್ತಿ ತೋರಿಸಿದರು. 1782ರಲ್ಲಿ ಮುಳುಗಿದ ರಾಯಲ್ ಜಾರ್ಜ್ ಎಂಬ ಯುದ್ಧನೌಕೆಯಿಂದ ಮೇಲೆತ್ತಿದ ಒಂದು ಬತ್ತಿಯೂ ಇತ್ತು. ಎಷ್ಟೋ ವರ್ಷ ಸಮುದ್ರದ ಉಪ್ಪುನೀರಿನಲ್ಲಿ ಬಿದ್ದಿತ್ತು. ಬಿರುಕು ಬಿಟ್ಟಿತ್ತು. ಹಚ್ಚಿದರೆ ಚೆನ್ನಾಗಿಯೇ ಉರಿಯಿತು.

ಇಲ್ಲಿಯವರೆಗೆ ಇದು ವಸ್ತುಪ್ರದರ್ಶನ. ಮಕ್ಕಳ ಕಣ್ಣು ಮೇಜಿನ ಮೇಲೆ ನೆಟ್ಟಿದೆ. ಆಗ ಅವರು ಒಂದು ಪ್ರಶ್ನೆ ಎತ್ತುತ್ತಾರೆ. ಎಣ್ಣೆ ದೀಪ ನಮಗೆ ಗೊತ್ತು. ಪಾತ್ರೆಯಲ್ಲಿ ಎಣ್ಣೆ ಇರುತ್ತದೆ, ಬತ್ತಿ ಅದನ್ನು ಹೀರುತ್ತದೆ. ಆದರೆ ಮೇಣದಬತ್ತಿ ಗಟ್ಟಿ. ಪಾತ್ರೆಯೂ ಇಲ್ಲ. ಗಟ್ಟಿ ವಸ್ತು ಜ್ವಾಲೆಯ ಹತ್ತಿರ ಹೋಗುವುದು ಹೇಗೆ? ಕರಗಿದ ಮೇಲೂ ಅದು ಹರಿದು ಹೋಗದೆ ಅಲ್ಲೇ ನಿಲ್ಲುವುದು ಹೇಗೆ?

ಎಲ್ಲರೂ ಸಾವಿರ ಸಲ ನೋಡಿದ, ಯಾರೂ ಕೇಳದ ಪ್ರಶ್ನೆ. ಉತ್ತರವೂ ಕಣ್ಣ ಮುಂದೆಯೇ ಇದೆ. ಜ್ವಾಲೆಯ ಬಿಸಿಗೆ ಗಾಳಿ ಮೇಲೇರುತ್ತದೆ. ಸುತ್ತಲಿನ ತಣ್ಣನೆ ಗಾಳಿ ಮೇಣದಬತ್ತಿಯ ಬದಿಗೆ ತಾಗಿಕೊಂಡು ಮೇಲೆ ಹೋಗುತ್ತದೆ. ಅದರಿಂದ ಅಂಚು ತಣ್ಣಗಿದ್ದು ಗಟ್ಟಿಯಾಗಿಯೇ ಉಳಿಯುತ್ತದೆ, ನಡುವೆ ಮಾತ್ರ ಕರಗುತ್ತದೆ. ಒಂದು ಬಟ್ಟಲು ತಾನಾಗಿಯೇ ತಯಾರಾಗುತ್ತದೆ. ತಕ್ಷಣ ಅವರು ಗೆರೆಗೆರೆಯಾಗಿ ಅಲಂಕಾರ ಮಾಡಿದ ಚೆಂದದ ಬತ್ತಿಯೊಂದನ್ನು ಎತ್ತಿಕೊಳ್ಳುತ್ತಾರೆ. ನೋಡಲು ಸುಂದರ. ಆದರೆ ಮೈ ಸಮವಾಗಿಲ್ಲ, ಗಾಳಿಯ ಓಟ ಸಮವಾಗಿಲ್ಲ, ಬಟ್ಟಲು ಒಡೆದು ಮೇಣ ಸೋರುತ್ತದೆ. ಸರಿಯಾಗಿ ನಡೆಯುವುದನ್ನು ತೋರಿಸಿದ ಮೇಲೆ ಕೆಡುವುದನ್ನೂ ತೋರಿಸಿದ್ದರಿಂದ ಕಾರಣ ಗಟ್ಟಿಯಾಯಿತು.

ಬಟ್ಟಲು ಆಯಿತು. ಹಾಗಾದರೆ ಕರಗಿದ ಮೇಣ ನಡುವಿನ ನೂಲುಬತ್ತಿಯ ತುದಿಗೆ ಏರುವುದು ಹೇಗೆ? ಇದು ಎರಡನೇ ಪ್ರಶ್ನೆ. ಮೊದಲ ಉತ್ತರದ ಹೊಟ್ಟೆಯಿಂದಲೇ ಹುಟ್ಟಿತು. ಲೋಮನಾಳ ಕ್ರಿಯೆ ಎಂದು ನಮ್ಮ ಪಠ್ಯಪುಸ್ತಕಗಳು ಹೇಳುವ ಸಂಗತಿ ಇದು. ಫ್ಯಾರಡೆ ಅದರ ಹೆಸರು ಹೇಳಿ ಮುಂದೆ ಓಡಲಿಲ್ಲ. ಕೈ ತೊಳೆದರೆ ನೀರು ಅಂಟಿಕೊಳ್ಳುವುದನ್ನು ನೆನಪಿಸಿದರು. ಆಮೇಲೆ ಉಪ್ಪಿನ ಒಂದು ಕಂಬವನ್ನು ತಟ್ಟೆಯಲ್ಲಿ ನಿಲ್ಲಿಸಿ, ತಟ್ಟೆಗೆ ನೀಲಿ ಬಣ್ಣದ ದ್ರವ ಸುರಿದರು. ನೀಲಿ ಬಣ್ಣ ಕಂಬದಲ್ಲಿ ಮೇಲೆ ಮೇಲೆ ಏರುವುದನ್ನು ಇಡೀ ಸಭೆ ನೋಡಿತು.

ಇಲ್ಲಿ ತಯಾರಿಯ ಸೂಕ್ಷ್ಮ ಇದೆ. ಬರೀ ನೀರು ಹಾಕಿದ್ದರೆ ಉಪ್ಪಿನ ಕಂಬ ಕರಗಿ ಕುಸಿಯುತ್ತಿತ್ತು. ಅದಕ್ಕೆ ಅವರು ಬಳಸಿದ್ದು ಇನ್ನು ಉಪ್ಪು ಕರಗಲು ಸಾಧ್ಯವೇ ಇಲ್ಲದಷ್ಟು ಉಪ್ಪು ಬೆರೆಸಿದ ನೀರು. ಬಣ್ಣ ಹಾಕಿದ್ದು ಹಿಂದಿನ ಸಾಲಿಗೂ ಕಾಣಲಿ ಎಂದು. ಸಭಿಕರಿಗೆ ಇದು ಎರಡು ನಿಮಿಷದ ಆಟ. ಮೇಜಿನ ಹಿಂದೆ ಯಾರೋ ಇದನ್ನು ಮೊದಲೇ ಮಾಡಿ ನೋಡಿದ್ದಾರೆ, ಯಾವುದು ಕೆಡಬಹುದು ಎಂದು ಯೋಚಿಸಿದ್ದಾರೆ.

ಮೂರನೇ ಪ್ರಶ್ನೆ: ಮೇಣ ಮೇಲೇರುತ್ತದೆ ಅಂದರೆ, ಜ್ವಾಲೆ ನೂಲುಬತ್ತಿಯ ಉದ್ದಕ್ಕೂ ಕೆಳಗೆ ಇಳಿದು ಎಲ್ಲವನ್ನೂ ಸುಡುವುದಿಲ್ಲ ಯಾಕೆ? ಮೇಣದಬತ್ತಿಯನ್ನು ತಲೆಕೆಳಗು ಮಾಡಿದರೆ ಮೇಣ ಜಾಸ್ತಿ ಹರಿದು ಬಂದು ಆರಿಹೋಗುತ್ತದೆ. ಉರಿಯುವಷ್ಟು ಬಿಸಿಯಾಗಲು ಅದಕ್ಕೆ ಸಮಯ ಸಿಗುವುದಿಲ್ಲ. ಅಂದರೆ ಉರಿಯುವುದು ದ್ರವವಲ್ಲ, ಅದರ ಆವಿ. ಅದಕ್ಕೂ ಸಾಕ್ಷಿ ಬೇಕಲ್ಲ? ಬತ್ತಿಯನ್ನು ಮೆಲ್ಲಗೆ ಆರಿಸಿ, ಮೇಲೇಳುವ ಹೊಗೆಗೆ ಎರಡು ಮೂರು ಅಂಗುಲ ದೂರದಿಂದಲೇ ಕಿಡಿ ಹಿಡಿದರೆ ಬೆಂಕಿ ಗಾಳಿಯಲ್ಲೇ ಓಡಿ ಬತ್ತಿಗೆ ಬಂದು ಹತ್ತುತ್ತದೆ. ಇದನ್ನು ನಮ್ಮ ಮನೆಯಲ್ಲಿ ಕರೆಂಟು ಹೋದಾಗ ಯಾರು ಬೇಕಾದರೂ, ದೊಡ್ಡವರು ಜೊತೆಯಲ್ಲಿದ್ದು, ಮಾಡಿ ನೋಡಬಹುದು.

ಕೊನೆಗೆ ಕ್ರಿಸ್‌ಮಸ್ ಆಟವೊಂದನ್ನು ತಂದರು. ಬಿಸಿ ತಟ್ಟೆಯಲ್ಲಿ ಉರಿಯುವ ಬ್ರಾಂದಿಯಿಂದ ಒಣದ್ರಾಕ್ಷಿ ಎತ್ತಿಕೊಳ್ಳುವ ಆಟ ಆ ಕಾಲದ ಇಂಗ್ಲಿಷ್ ಮನೆಗಳಲ್ಲಿ ಇತ್ತು. ಅಲ್ಲಿ ಒಂದೊಂದು ದ್ರಾಕ್ಷಿಯೂ ಒಂದೊಂದು ನೂಲುಬತ್ತಿ ಇದ್ದಂತೆ ಎಂದು ತೋರಿಸಿದರು. ಹಬ್ಬದ ವಾರದಲ್ಲಿ, ಆ ಆಟ ಆಡಿದ ಮಕ್ಕಳ ಮುಂದೆ. ಸಭೆಯಲ್ಲಿರುವ ಸಂಗತಿಯನ್ನೇ ಉದಾಹರಣೆ ಮಾಡಿಕೊಳ್ಳಬೇಕು ಎಂದು 21ರ ಹುಡುಗ ಬರೆದಿದ್ದನ್ನು 69ರ ಮುದುಕರು ಮಾಡುತ್ತಿದ್ದರು. ಆರನೇ ದಿನವೂ ಇಂಥದ್ದೇ ನಡೆಯಿತು. ಸಭೆಗೆ ಬರುತ್ತಿದ್ದ ಒಬ್ಬ ಮಹಿಳೆ ಜಪಾನಿನ ಎರಡು ಮೇಣದಬತ್ತಿ ಕಳಿಸಿದ್ದರು. ಅಂದಿನ ಮಾತು ಶುರುವಾಗಿದ್ದೇ ಆ ಬತ್ತಿಗಳಿಂದ.

ಒಂದು ಗಂಟೆಯಲ್ಲಿ ಎಷ್ಟು ಸಂಗತಿ ಹೇಳಿದರು? ನಿಜವಾಗಿ ನೋಡಿದರೆ ಮೂರೇ. ಬಟ್ಟಲು ಆಗುವುದು, ಮೇಣ ಏರುವುದು, ಆವಿ ಉರಿಯುವುದು. ಒಬ್ಬ ಚುರುಕಾದ ಮೇಷ್ಟ್ರು ಇವನ್ನು ಐದು ನಿಮಿಷದಲ್ಲಿ ಬೋರ್ಡಿನ ಮೇಲೆ ಬರೆಸಬಹುದು. ಆದರೆ ಆ ಐದು ನಿಮಿಷದ ಪಾಠ ಪರೀಕ್ಷೆ ಮುಗಿದ ಮರುದಿನ ಇರುವುದಿಲ್ಲ.

ಒಂದು ಹನಿ ನೀರು

ಎರಡನೇ ದಿನದ ಮಾತನ್ನು ಬೇಗ ಮುಗಿಸುತ್ತೇನೆ. ಹಿಂದಿನ ದಿನದ್ದನ್ನು ಒಂದೆರಡು ವಾಕ್ಯದಲ್ಲಿ ನೆನಪಿಸಿ, ಜ್ವಾಲೆಯ ನಡುವಿನ ಕಪ್ಪು ಭಾಗಕ್ಕೆ ಗಾಜಿನ ಕೊಳವೆ ಇಟ್ಟು ಆವಿಯನ್ನು ಹೊರಗೆ ತಂದರು. ಕೊಳವೆಯ ಆ ಕಡೆ ತುದಿಗೆ ಬೆಂಕಿ ಹಚ್ಚಿದರು. ಲಂಡನ್ನಿನ ಮನೆಗಳಿಗೆ ಪೈಪಿನಲ್ಲಿ ಗ್ಯಾಸ್ ಬರುತ್ತಿದ್ದ ಕಾಲ ಅದು, ಮಕ್ಕಳಿಗೆ ತಕ್ಷಣ ಅರ್ಥವಾಯಿತು. ಜ್ವಾಲೆಯ ಮೇಲೆ ಕಾಗದ ಒತ್ತಿದರೆ ಸುಟ್ಟ ಗುರುತು ಉಂಗುರದಂತೆ ಬರುತ್ತದೆ, ನಡುವೆ ಸುಟ್ಟಿರುವುದಿಲ್ಲ ಎಂದೂ ತೋರಿಸಿದರು.

ಮೂರನೇ ದಿನದ ಒಂದು ಪ್ರಯೋಗದಲ್ಲಿ ನಿಂತು ನೋಡಬೇಕಾದ್ದಿದೆ. ಮೇಣದಬತ್ತಿ ಉರಿದಾಗ ನೀರು ಹುಟ್ಟುತ್ತದೆ. ಇದನ್ನು ನಂಬಿಸುವುದು ಕಷ್ಟ. ಬೆಂಕಿಯಿಂದ ನೀರು ಅಂದರೆ ಮಕ್ಕಳು ನಗುತ್ತಾರೆ. ಫ್ಯಾರಡೆ ಐಸ್ ಮತ್ತು ಉಪ್ಪು ತುಂಬಿದ ಪಾತ್ರೆಯನ್ನು ಜ್ವಾಲೆಯ ಮೇಲೆ ಇಟ್ಟರು. ಪಾತ್ರೆಯ ತಳದಲ್ಲಿ ಹನಿ ಕೂಡುತ್ತದೆ. ಆದರೆ ಅದು ನೀರೇ ಅಂತ ಹೇಗೆ ಗೊತ್ತು? ಕರಗಿದ ಮೇಣ ಇರಬಹುದಲ್ಲ?

ಅದಕ್ಕೆ ಮೊದಲೇ ದಾರಿ ಮಾಡಿಟ್ಟಿದ್ದರು. ಒಂದು ಬೋಗುಣಿಯಲ್ಲಿ ಎಲ್ಲರೂ ಒಪ್ಪುವ ಮಾಮೂಲಿ ನೀರು. ಅದಕ್ಕೆ ಪೊಟ್ಯಾಸಿಯಂ ಲೋಹದ ಚೂರು ಹಾಕಿದರು. ಅದು ನೀರಿನ ಮೇಲೆ ತೇಲುತ್ತಾ ನೇರಳೆ ಬಣ್ಣದ ಜ್ವಾಲೆಯಿಂದ ಉರಿಯಿತು. ನೀರು ಸಿಕ್ಕರೆ ಇದು ಹೀಗೆ ಮಾಡುತ್ತದೆ ಎಂಬುದು ಸಭೆಗೆ ತಿಳಿಯಿತು. ಆಮೇಲೆ ಬತ್ತಿಯನ್ನು ಪಕ್ಕಕ್ಕೆ ಸರಿಸಿ, ಪಾತ್ರೆಯ ತಳದಲ್ಲಿ ತೂಗುತ್ತಿದ್ದ ಹನಿಗೆ ಪೊಟ್ಯಾಸಿಯಂ ಮುಟ್ಟಿಸಿದರು. ಅದೂ ಹಾಗೆಯೇ ಹತ್ತಿಕೊಂಡಿತು.

ಕ್ರಮ ತಿರುಗಿಸಿ ಯೋಚಿಸಿ ನೋಡಿ. ಮೊದಲು ಹನಿಗೆ ಪೊಟ್ಯಾಸಿಯಂ ಮುಟ್ಟಿಸಿ, ಬೆಂಕಿ ಹತ್ತಿದ ಮೇಲೆ “ಇದು ನೀರಿನ ಲಕ್ಷಣ” ಎಂದು ವಿವರಿಸಿದ್ದರೆ? ಅದೇ ವಸ್ತು, ಅದೇ ಮಾಹಿತಿ. ಆದರೆ ಸಭೆ ಅವರ ಮಾತನ್ನು ನಂಬಬೇಕಾಗುತ್ತಿತ್ತು. ಈ ಕ್ರಮದಲ್ಲಿ ಮಕ್ಕಳು ತಾವೇ ತೀರ್ಪು ಕೊಟ್ಟರು. ಇಡೀ ಸರಣಿಯಲ್ಲಿ ಒಂದೇ ಜಾಗ ಆರಿಸಿ ಓದಿ ಎಂದು ಯಾರಾದರೂ ಕೇಳಿದರೆ ನಾನು ಇದನ್ನು ತೋರಿಸುತ್ತೇನೆ.

ಮುಂದೆ ಜಲಜನಕ, ಆಮ್ಲಜನಕ, ಗಾಳಿ, ಇಂಗಾಲದ ಡೈಆಕ್ಸೈಡ್. ನಾಲ್ಕು ಮತ್ತು ಐದನೇ ದಿನಗಳು ಭಾರವಾಗಿವೆ. ಬ್ಯಾಟರಿ, ಅನಿಲ ತುಂಬಿದ ಜಾಡಿಗಳು, ತೂಕದ ಲೆಕ್ಕ. ಚಿಕ್ಕ ಮಕ್ಕಳು ಅಲ್ಲಿ ಸ್ವಲ್ಪ ದಾರಿ ತಪ್ಪಿರಬಹುದು ಎಂದೇ ನನ್ನ ಅನಿಸಿಕೆ. ಆರನೇ ದಿನ ಮಾತು ಮತ್ತೆ ಮಕ್ಕಳ ಮೈಗೇ ಬರುತ್ತದೆ. ಬತ್ತಿ ಉರಿದಾಗ ಬರುವ ಅನಿಲ ಸುಣ್ಣದ ತಿಳಿನೀರನ್ನು ಬೆಳ್ಳಗೆ ಮಾಡುತ್ತದೆ. ನಮ್ಮ ಉಸಿರೂ ಮಾಡುತ್ತದೆ. ಹಾಗಾದರೆ ನಮ್ಮೊಳಗೂ ಉರಿಯುವಂಥದ್ದೇ ಏನೋ ನಡೆಯುತ್ತಿದೆ. ಒಬ್ಬ ಮನುಷ್ಯ ದಿನಕ್ಕೆ ಸುಮಾರು 7 ಔನ್ಸ್ ಇಂಗಾಲವನ್ನು ಹೀಗೆ ಉಸಿರಲ್ಲಿ ಬಿಡುತ್ತಾನೆ ಎಂಬ ಲೆಕ್ಕ ಕೊಟ್ಟರು. ಇಂದಿನ ತೂಕದಲ್ಲಿ ಹೆಚ್ಚುಕಡಿಮೆ 200 ಗ್ರಾಂ. ಅಂಕಿ ಬಂದ ಜಾಗ ನೋಡಿ. ಮೊದಲ ದಿನ ಹೇಳಿದ್ದರೆ ಅದು ಬರೀ ಅಂಕಿ. ಆರನೇ ದಿನ ಅದು ಕುಳಿತವರ ಸ್ವಂತ ಲೆಕ್ಕ.

ಅವರಿಗಿದ್ದದ್ದು, ನಮಗಿಲ್ಲದ್ದು

ಈ ಪ್ರಕರಣವನ್ನು ಕಣ್ಣುಮುಚ್ಚಿ ಹೊಗಳುವುದು ಬೇಡ. ಫ್ಯಾರಡೆಗೆ ತಮ್ಮದೇ ಪ್ರಯೋಗಶಾಲೆ ಇತ್ತು. ನುರಿತ ಸಹಾಯಕ ಇದ್ದರು. ಮೆಟ್ಟಿಲು ಮೆಟ್ಟಿಲಾಗಿ ಏರುವ ಅರ್ಧವೃತ್ತದ ಸಭಾಂಗಣ ಇತ್ತು. ಕೇಳುಗರು ಬಹುತೇಕ ಅನುಕೂಲಸ್ಥರ ಮನೆಯವರು. 1855ರ ಒಂದು ಉಪನ್ಯಾಸದಲ್ಲಿ ರಾಣಿ ವಿಕ್ಟೋರಿಯಾ ಅವರ ಪತಿ ಪ್ರಿನ್ಸ್ ಆಲ್ಬರ್ಟ್ ಮಕ್ಕಳ ಜೊತೆ ಮುಂದಿನ ಸಾಲಿನಲ್ಲಿ ಕುಳಿತಿರುವ ಚಿತ್ರವೂ ಇದೆ. ಕೇಳಲೆಂದೇ ಬಂದ ಸಭೆ ಅದು. ಪಡಿತರ ಚೀಟಿಯ ಕೆಲಸಕ್ಕೆ ಪಂಚಾಯಿತಿಗೆ ಬಂದವರನ್ನು ಕೂರಿಸಿ ಅರ್ಧ ಗಂಟೆ ಮಾತಾಡುವ ಕಷ್ಟ ಅವರಿಗೆ ಇರಲಿಲ್ಲ.

ಆದರೆ ಕ್ರಮಕ್ಕೆ ದುಡ್ಡು ಬೇಕಿಲ್ಲ. ನಮ್ಮ ನೆಲದಲ್ಲೇ ಸಾಕ್ಷಿ ಇದೆ. ಸಿ. ವಿ. ರಾಮನ್ 1968ರ ಡಿಸೆಂಬರಿನಲ್ಲಿ ಅಹಮದಾಬಾದಿನಲ್ಲಿ ಸಾರ್ವಜನಿಕ ಉಪನ್ಯಾಸ ಕೊಟ್ಟಾಗ ಆರಿಸಿಕೊಂಡಿದ್ದು ಆಕಾಶ ಯಾಕೆ ನೀಲಿ ಎಂಬ ಪ್ರಶ್ನೆಯನ್ನು. ತಲೆ ಎತ್ತಿದರೆ ಸಾಕು, ಯಾವ ಉಪಕರಣವೂ ಬೇಡ. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಾರವಾರ ಉಪನ್ಯಾಸ ನಡೆಸಿ, ಸಾಮಾನ್ಯ ಜನ ಸಂಜೆ ಬಂದು ಕುಳಿತು ವಿಜ್ಞಾನ ಕೇಳುವ ಅಭ್ಯಾಸ ಬೆಳೆಸಿತು.

ಯುವ ಉಪನ್ಯಾಸಕರೊಬ್ಬರಿಗೆ ಫ್ಯಾರಡೆ ಕೊಟ್ಟ ಸಲಹೆ ಇಲ್ಲಿ ನೆನಪಾಗುತ್ತದೆ. ಕೈ ಬಿಟ್ಟರೆ ಈ ಕಲ್ಲು ನೆಲಕ್ಕೆ ಬೀಳುತ್ತದೆ ಎಂದು ಹೇಳುವಾಗಲೂ ನಾನು ಕೈ ಬಿಟ್ಟು ಬೀಳಿಸಿ ತೋರಿಸುತ್ತೇನೆ ಎಂದರಂತೆ. ಅವರಿಗೆ ಗೊತ್ತಿರುತ್ತದೆ ಬಿಡು ಎಂದು ಏನನ್ನೂ ದಾಟಿ ಹೋಗಬೇಡ, ಕಿವಿಗೆ ಹೇಳುವಾಗಲೇ ಕಣ್ಣಿಗೂ ತೋರಿಸು ಎಂಬುದು ಅದರ ತಾತ್ಪರ್ಯ. ಒಂದು ಕಲ್ಲು ಎಲ್ಲರಿಗೂ ಸಿಗುತ್ತದೆ.

ಇದೇ ಕ್ರಮವನ್ನು ಒಂದು ತಾಯಂದಿರ ಸಭೆಗೆ ತಂದರೆ

ಆಶಾ ಕಾರ್ಯಕರ್ತೆಯೊಬ್ಬರು ಮಳೆಗಾಲದ ಶುರುವಿನಲ್ಲಿ ಓಆರ್‌ಎಸ್, ಅಂದರೆ ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆಯ ದ್ರಾವಣದ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕು ಎಂದುಕೊಳ್ಳಿ. ಕೈಪಿಡಿಯ ಕ್ರಮದಲ್ಲಿ ಹೋದರೆ ಅತಿಸಾರದ ವ್ಯಾಖ್ಯೆ, ಕಾರಣಗಳು, ನಿರ್ಜಲೀಕರಣದ ಹಂತಗಳು, ಆಮೇಲೆ ದ್ರಾವಣ ಮಾಡುವ ಬಗೆ. ದ್ರಾವಣ ಮಾಡುವುದಕ್ಕೆ ಬರುವಷ್ಟರಲ್ಲಿ ಮಕ್ಕಳು ಅಳುತ್ತಿರುತ್ತವೆ, ತಾಯಂದಿರು ಏಳುತ್ತಿರುತ್ತಾರೆ.

ಫ್ಯಾರಡೆಯ ಕ್ರಮದಲ್ಲಿ ಮೇಜಿನ ಮೇಲೆ ಒಂದು ಲೀಟರ್ ಬಾಟಲಿಯಲ್ಲಿ ಕಾಯಿಸಿ ಆರಿಸಿದ ನೀರು, ಒಂದು ಟೀ ಚಮಚ, ಸಕ್ಕರೆ, ಉಪ್ಪು, ಖಾಲಿ ಲೋಟಗಳು ಇರುತ್ತವೆ. ಮೊದಲ ಮಾತೇ ಪ್ರಶ್ನೆ: “ಅಕ್ಕಾ, ಮಗೂಗೆ ಭೇದಿ ಶುರುವಾದ್ರೆ ನೀರು ಕೊಡ್ತೀರೋ, ನಿಲ್ಲಿಸ್ತೀರೋ?” ಸಭೆ ಎರಡು ಭಾಗ ಆಗುತ್ತದೆ. ಕೊಟ್ಟರೆ ಭೇದಿ ಜಾಸ್ತಿಯಾಗುತ್ತೆ ಅನ್ನುವ ಅಜ್ಜಿ ಇದ್ದೇ ಇರುತ್ತಾರೆ. ಅವರ ಮಾತನ್ನು ತಳ್ಳಿಹಾಕಬಾರದು, ಅದೇ ಇವತ್ತಿನ ವಿಷಯ ಎಂದು ಹಿಡಿದುಕೊಳ್ಳಬೇಕು.

ಉತ್ತರ: ಕೊಡಲೇಬೇಕು. ಮಗುವಿನ ಜೀವಕ್ಕೆ ಅಪಾಯ ತರುವುದು ಮೈಯಿಂದ ಹೋದ ನೀರು. ಹಾಗಾದರೆ ಬರೀ ನೀರು ಸಾಲದೇ? ಸಾಲದು, ನೀರಿನ ಜೊತೆ ಉಪ್ಪಿನಂಶವೂ ಹೋಗಿರುತ್ತದೆ. ಹಾಗಾದರೆ ಉಪ್ಪುನೀರು ಕೊಟ್ಟರೆ ಆಯಿತಲ್ಲ, ಸಕ್ಕರೆ ಯಾಕೆ? ಕರುಳಿನಲ್ಲಿ ಸಕ್ಕರೆಯಂಶ ಇದ್ದಾಗ ಅದರ ಜೊತೆಗೆ ಉಪ್ಪು ಒಳಗೆ ಹೋಗುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಭೇದಿ ಆಗುತ್ತಿರುವಾಗಲೂ ಈ ದಾರಿ ತೆರೆದಿರುತ್ತದೆ. ಹಾಗಾದರೆ ಸಕ್ಕರೆ ಇನ್ನೂ ಜಾಸ್ತಿ ಹಾಕಿದರೆ ಒಳ್ಳೆಯದಲ್ವಾ? ಇಲ್ಲ, ಅತಿಯಾದ ಸಕ್ಕರೆ ನೀರನ್ನು ಕರುಳಿಗೇ ಎಳೆದು ಭೇದಿ ಹೆಚ್ಚಿಸುತ್ತದೆ. ಈಗ ಅಳತೆ ಯಾಕೆ ಮುಖ್ಯ ಅನ್ನುವುದು ಕುಳಿತವರಿಗೆ ತಿಳಿದಿದೆ. ಅಳತೆ ಹೇಳುವ ಸಮಯ ಇದೇ.

ಪ್ಯಾಕೆಟ್ ಇದ್ದರೆ ಅದೇ ಒಳ್ಳೆಯದು. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಇಡೀ ಪ್ಯಾಕೆಟ್ ಹಾಕಬೇಕು, ಅರ್ಧರ್ಧ ಮಾಡಬಾರದು. ಪ್ಯಾಕೆಟ್ ಸಿಗದಿದ್ದಾಗ ಒಂದು ಲೀಟರ್ ನೀರಿಗೆ ಮಟ್ಟ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದನ್ನು ಕಾರ್ಯಕರ್ತೆ ತಾನೇ ಬೆರೆಸದೆ, ಮುಂದೆ ಕುಳಿತ ಒಬ್ಬ ತಾಯಿಯನ್ನು ಕರೆದು ಬೆರೆಸಿಸಲಿ. ಚಮಚ ಗುಡ್ಡೆಯಾಗಿ ತುಂಬಿದರೆ ಅಲ್ಲೇ ಬೆರಳಿನಿಂದ ಮಟ್ಟ ಮಾಡಿಸಲಿ. ಎಲ್ಲರೂ ರುಚಿ ನೋಡಲಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಅದನ್ನು ಚೆಲ್ಲಿ ಹೊಸದಾಗಿ ಮಾಡಬೇಕು. ಮಾಡಿಟ್ಟದ್ದನ್ನು 24 ಗಂಟೆಯೊಳಗೆ ಮುಗಿಸಬೇಕು.

ಇನ್ನು ಏನನ್ನು ಬಿಡಬೇಕು ಎಂಬ ಪ್ರಶ್ನೆ. ರೋಗಾಣುಗಳ ಹೆಸರು ಬೇಡ. ನಿರ್ಜಲೀಕರಣದ ಹಂತಗಳ ಪಟ್ಟಿ ಬೇಡ. ಝಿಂಕ್ ಮಾತ್ರೆಯನ್ನು 14 ದಿನ ಕೊಡಬೇಕು ಅನ್ನುವುದು ಬೇಕು. ಭೇದಿ ಎರಡು ದಿನಕ್ಕೆ ನಿಂತರೂ ಮಾತ್ರೆ ನಿಲ್ಲಿಸಬಾರದು ಅನ್ನುವುದೂ ಬೇಕು. ಅದನ್ನು ಲೋಟಗಳು ಕೈಯಿಂದ ಕೈಗೆ ಹೋಗುತ್ತಿರುವಾಗ, ಮಾತ್ರೆಯ ಪಟ್ಟಿಯನ್ನು ಎತ್ತಿ ತೋರಿಸುತ್ತಾ ಹೇಳಬಹುದು. ಎದೆಹಾಲು ನಿಲ್ಲಿಸಬಾರದು ಅನ್ನುವುದೂ ಅಲ್ಲೇ ಬರಲಿ.

ಅಪಾಯದ ಲಕ್ಷಣಗಳನ್ನು ಕೊನೆಗೆ ಇಟ್ಟುಕೊಂಡು ಎರಡು ಸಲ ಹೇಳಬೇಕು: ಮಗು ಕುಡಿಯುತ್ತಿಲ್ಲ, ಮಂಕಾಗಿ ಮಲಗಿಬಿಟ್ಟಿದೆ, ಕಣ್ಣು ಗುಳಿ ಬಿದ್ದಿದೆ, ಮಲದಲ್ಲಿ ರಕ್ತ ಇದೆ. ಇವುಗಳಲ್ಲಿ ಒಂದಿದ್ದರೂ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಬೇಕು, ದಾರಿಯಲ್ಲೂ ಕುಡಿಯುವಷ್ಟು ಕುಡಿಸುತ್ತಾ ಹೋಗಬೇಕು. ಎರಡನೇ ಸಲ ಕಾರ್ಯಕರ್ತೆ ಹೇಳದೆ, ಸಭೆಯಿಂದಲೇ ಒಂದೊಂದಾಗಿ ಹೇಳಿಸಲಿ. ಯಾವುದು ಬಿಟ್ಟುಹೋಯಿತೋ ಅದನ್ನು ಮುಂದಿನ ತಿಂಗಳ ಸಭೆಯಲ್ಲಿ ಮೊದಲ ಪ್ರಶ್ನೆಯಾಗಿ ಕೇಳಬಹುದು.